ಹಿರಿಯರ ಆರೋಗ್ಯವನ್ನೇ ಓದಬೇಕು ಅಂತಿದ್ದೀರಾ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ವಯಸ್ಸಾದವರ ಆರೈಕೆಯ ಬಗ್ಗೆ ಈ ಅಂಕಣದಲ್ಲಿ ಬರೆಯಲು ಶುರು ಮಾಡಿದ ಮೇಲೆ ಔಷಧಿಯ ಪ್ರಶ್ನೆಗಳಷ್ಟೇ ಓದಿನ ಪ್ರಶ್ನೆಗಳೂ ಬರುತ್ತಿವೆ. ಏನು ಓದಬೇಕು, ಎಲ್ಲಿ ಓದಬೇಕು, ಓದಿದರೆ ಕೆಲಸ ಇದೆಯಾ ಅಂತ. ನನಗೆ ಇದಕ್ಕಿಂತ ಖುಷಿಯ ಸಂಗತಿ ಇಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಉದ್ದ ಇದ್ದವನ್ನು ಚಿಕ್ಕದು ಮಾಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ವರ್ಷವಾಯಿತು. ಆಸ್ಪತ್ರೆಯ ವಾರ್ಡ್‌ನಲ್ಲಿ ಕೆಲಸ. ದಾಖಲಾಗುವವರಲ್ಲಿ ವಯಸ್ಸಾದವರೇ ಜಾಸ್ತಿ. ಅವರ ಆರೈಕೆಯಲ್ಲೇ ಮುಂದೆ ಓದುವ ಆಸೆ. ಹುಡುಕಿದರೆ ಒಂದು ಕಡೆ ಜೆರಿಯಾಟ್ರಿಕ್ಸ್ ಅಂತಾರೆ, ಇನ್ನೊಂದು ಕಡೆ ಜೆರೊಂಟಾಲಜಿ ಅಂತಾರೆ. ಎರಡೂ ಒಂದೇನಾ? ನಾನು ಯಾವುದು ಓದಲಿ? – ಗೋಕಾಕ

ಉತ್ತರ: ಒಂದೇ ಅಲ್ಲ. ಜೆರಿಯಾಟ್ರಿಕ್ಸ್ ಅಂದರೆ ವಯಸ್ಸಾದವರ ಕಾಯಿಲೆಗಳ ವೈದ್ಯಕೀಯ. ಅದರಲ್ಲಿ ಎಂಡಿ ಮಾಡಬೇಕಾದರೆ ಎಂಬಿಬಿಎಸ್ ಆಗಿರಬೇಕು. ಜೆರೊಂಟಾಲಜಿ ಅದಕ್ಕಿಂತ ಅಗಲ. ದೇಹ ಹೇಗೆ ಮುಪ್ಪಾಗುತ್ತದೆ, ನೆನಪು ಯಾಕೆ ಕೈಕೊಡುತ್ತದೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಖರ್ಚಿಗೆ ದುಡ್ಡು ಎಲ್ಲಿಂದ, ಕಾನೂನು ಏನು ಹೇಳುತ್ತದೆ, ಎಲ್ಲವೂ ಅದರೊಳಗೆ ಬರುತ್ತದೆ. ನರ್ಸಿಂಗ್, ಫಿಸಿಯೋಥೆರಪಿ, ಸಮಾಜಕಾರ್ಯ, ಮನಃಶಾಸ್ತ್ರ, ಯಾವುದನ್ನು ಓದಿದವರೂ ಇದಕ್ಕೆ ಬರಬಹುದು.

ಕೋರ್ಸಿನ ಹೆಸರು ಹೇಳುವ ಮೊದಲು ಈ ಓದು ಏನು ಕಲಿಸುತ್ತದೆ ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆಯ ಒಬ್ಬ ಅಜ್ಜಿಯನ್ನು ತೆಗೆದುಕೊಳ್ಳಿ. ಎಪ್ಪತ್ತೈದು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಹಲ್ಲು ಒಂದೊಂದೇ ಹೋದವು. ಜೋಳದ ರೊಟ್ಟಿ, ಕಾಳುಪಲ್ಯ ಅಗಿಯಲಿಕ್ಕೆ ಆಗುವುದಿಲ್ಲ ಅಂತ ಬಿಟ್ಟರು. ಈಗ ಬೆಳಿಗ್ಗೆ ಚಹಾದಲ್ಲಿ ಅದ್ದಿದ ಟೋಸ್ಟು, ಮಧ್ಯಾಹ್ನ ಒಂದಿಷ್ಟು ಮೆತ್ತಗಿನ ಅನ್ನ ಸಾರು, ರಾತ್ರಿ "ಹಸಿವಿಲ್ಲ" ಅಂತ ಅರ್ಧ ಲೋಟ ಹಾಲು. ಕಾಳುಬೇಳೆ ಹೋಯಿತು ಅಂದರೆ ಪ್ರೋಟೀನ್ ಹೋಯಿತು. ತೊಡೆಯ ಸ್ನಾಯು ಕರಗುತ್ತಾ ಬಂತು. ಆದರೆ ಸಕ್ಕರೆ ಮಾತ್ರೆ ಮಾತ್ರ ಹೊಟ್ಟೆ ತುಂಬ ಉಣ್ಣುತ್ತಿದ್ದ ಕಾಲದ ಲೆಕ್ಕದಲ್ಲೇ ನಡೆದಿದೆ. ಒಂದು ರಾತ್ರಿ ಸಕ್ಕರೆ ಇಳಿದಿರುತ್ತದೆ, ಬಚ್ಚಲಿಗೆ ಅಂತ ಎದ್ದವರು ತಲೆ ತಿರುಗಿ ಬೀಳುತ್ತಾರೆ, ಸೊಂಟದ ಹತ್ತಿರ ಮೂಳೆ ಮುರಿಯುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಮೂಳೆ ಮುರಿತ ಅಂತ ಇರುತ್ತದೆ ಅಷ್ಟೇ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಮನೆಗೆ ಹೋದ ಮೇಲೆ ಅದೇ ಟೋಸ್ಟು, ಅದೇ ಮಾತ್ರೆ, ಅದೇ ಕತ್ತಲೆಯ ಬಚ್ಚಲು. ಹಲ್ಲಿನಿಂದ ಬಚ್ಚಲಿನವರೆಗೆ ಇದೆಲ್ಲ ಒಂದಕ್ಕೊಂದು ಹೇಗೆ ಅಂಟಿಕೊಂಡಿದೆ, ಎಲ್ಲಿ ಕೈ ಹಾಕಿದರೆ ಬೀಳುವುದು ತಪ್ಪುತ್ತಿತ್ತು ಅಂತ ನೋಡುವ ಕಣ್ಣು ಕೊಡುವುದೇ ಈ ಓದು.

ಅದಕ್ಕೆ ಬೇಕಾದ ಸಾಧನಗಳೂ ಇವೆ, ದುಬಾರಿ ಏನಲ್ಲ. ಉದಾಹರಣೆಗೆ 1991ರಲ್ಲಿ ಬಂದ "ಟೈಮ್ಡ್ ಅಪ್ ಅಂಡ್ ಗೋ" ಅನ್ನುವ ಪರೀಕ್ಷೆ. ಒಂದು ಕುರ್ಚಿ, ನೆಲದ ಮೇಲೆ ಮೂರು ಮೀಟರ್ ದೂರಕ್ಕೆ ಒಂದು ಗೆರೆ, ಕೈಯಲ್ಲಿ ಗಡಿಯಾರ. ಅಜ್ಜಿ ಕುರ್ಚಿಯಿಂದ ಎದ್ದು, ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಸೆಕೆಂಡು ಎಣಿಸುವಾಗ ಕಣ್ಣನ್ನೂ ಬಿಟ್ಟುಕೊಂಡಿರಬೇಕು. ಏಳುವಾಗ ಕುರ್ಚಿಯ ಕೈ ಒತ್ತಿದರಾ, ತಿರುಗುವಾಗ ಪುಟ್ಟ ಪುಟ್ಟ ಹೆಜ್ಜೆ ಇಟ್ಟರಾ, ಕೂರುವಾಗ ದೊಪ್ಪಂತ ಬಿದ್ದಂಗೆ ಕೂತರಾ? ಕಾಲಿನ ಶಕ್ತಿ, ಸಮತೋಲ ಹಿಡಿಯುವ ಶಕ್ತಿ, ಭಯ, ಮೂರೂ ಆ ಸ್ವಲ್ಪ ಹೊತ್ತಿನಲ್ಲೇ ಕಾಣುತ್ತವೆ. ಇನ್ನೊಂದು 1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಜೊತೆಯವರು ಮಾಡಿದ ಪಟ್ಟಿ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಪಾಯಖಾನೆಗೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಈ ಆರರಲ್ಲಿ ಯಾವುದು ತಾವೇ ಮಾಡುತ್ತಾರೆ, ಯಾವುದಕ್ಕೆ ಕೈ ಬೇಕು ಅಂತ ಬರೆದುಕೊಂಡರೆ ಮನೆಯವರಿಗೆ ಎಷ್ಟು ಕೆಲಸ ಬಿದ್ದಿದೆ ಅನ್ನುವುದು ಗೊತ್ತಾಗಿಬಿಡುತ್ತದೆ. ನಿಮ್ಮ ವಾರ್ಡ್‌ನಲ್ಲಿ ನಾಳೆಯೇ ಶುರು ಮಾಡಬಹುದು, ಯಾವ ಪ್ರವೇಶ ಪರೀಕ್ಷೆಯೂ ಬೇಡ.

ಈಗ ಕೋರ್ಸ್. ನಿಮಗೆ ಮೂರು ದಾರಿ ಕಾಣುತ್ತವೆ. ಒಂದು, ನರ್ಸಿಂಗ್‌ನಲ್ಲೇ ಇರುವುದು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಜೆರಿಯಾಟ್ರಿಕ್ ನರ್ಸಿಂಗ್‌ನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಎಲ್ಲ ಕಾಲೇಜಿನಲ್ಲೂ ನಡೆಸುವುದಿಲ್ಲ. ಅರ್ಜಿ ಹಾಕುವ ಮುಂಚೆ ಆ ಕಾಲೇಜಿಗೆ ಆ ಕೋರ್ಸಿಗೇ ಮಾನ್ಯತೆ ಇದೆಯಾ ಅಂತ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ನೋಡಿ. ಕಾಲೇಜಿನವರು ಹೇಳಿದ್ದನ್ನು ಮಾತ್ರ ನಂಬಿ ಫೀ ಕಟ್ಟಬೇಡಿ. ಎಂಎಸ್ಸಿ ನರ್ಸಿಂಗ್ ಮಾಡುವುದಾದರೆ ಕಮ್ಯುನಿಟಿ ಹೆಲ್ತ್ ಅಥವಾ ಮೆಡಿಕಲ್ ಸರ್ಜಿಕಲ್ ತೆಗೆದುಕೊಂಡು, ಪ್ರಬಂಧದ ವಿಷಯ ಹಿರಿಯರದ್ದೇ ಇಟ್ಟುಕೊಳ್ಳಿ. ಎರಡು, ಸಾರ್ವಜನಿಕ ಆರೋಗ್ಯ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನಲ್ಲಿ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದು, ಇದೆ. ಗೋಕಾಕದಿಂದ ದೂರವೂ ಅಲ್ಲ. ಮೂರು, ಹಿರಿಯರ ಆರೈಕೆಗೆಂದೇ ಇರುವ ಡಿಪ್ಲೊಮಾ. ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆ, ಅಂದರೆ ಎನ್‌ಐಎಸ್‌ಡಿ, ಸಮಗ್ರ ಜೆರಿಯಾಟ್ರಿಕ್ ಆರೈಕೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಾ ಬಂದಿದೆ. ಪ್ರವೇಶದ ಪ್ರಕಟಣೆ ಬಂದಾಗ ಹಾಕಿ.

ನನ್ನನ್ನು ಕೇಳಿದರೆ, ಮೊದಲು ನಿಮ್ಮ ನರ್ಸಿಂಗ್ ನೋಂದಣಿಯನ್ನು ಬಿಗಿಯಾಗಿ ಹಿಡಿದುಕೊಳ್ಳಿ, ಅದರ ಮೇಲೆ ಹಿರಿಯರ ಓದು ಕಟ್ಟಿಕೊಳ್ಳಿ. ಬರೀ ಜೆರೊಂಟಾಲಜಿ ಅನ್ನುವ ಸರ್ಟಿಫಿಕೇಟು ಹಿಡಿದು ಹೋದರೆ ನಮ್ಮ ಜಿಲ್ಲೆಗಳಲ್ಲಿ ಆ ಹೆಸರಿನ ಹುದ್ದೆ ಸಿಗುವುದು ಕಷ್ಟ. ಅದೇ "ನಾನು ನರ್ಸು, ಹಿರಿಯರ ಆರೈಕೆ ಓದಿದ್ದೇನೆ" ಅಂತ ಹೋದರೆ ಬಾಗಿಲು ತೆರೆಯುತ್ತದೆ. ಹಿರಿಯರ ಆರೋಗ್ಯಕ್ಕೆಂದೇ 2010–11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ಜೆರಿಯಾಟ್ರಿಕ್ ವಾರ್ಡ್, ಫಿಸಿಯೋಥೆರಪಿ, ಕೆಳಗಿನ ಕೇಂದ್ರಗಳಲ್ಲಿ ಹಿರಿಯರ ಕ್ಲಿನಿಕ್ ಇರಬೇಕು ಅಂತ ಇದೆ. ಆ ಹುದ್ದೆಗಳು ಜಾಸ್ತಿ ಗುತ್ತಿಗೆಯವು. ಇದನ್ನು ಮುಚ್ಚಿಡುವುದಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಮನೆಗೆ ಹೋಗಿ ಆರೈಕೆ ಮಾಡುವ ವಿಭಾಗ, ಪಾರ್ಶ್ವವಾಯು ಆದವರ ಪುನರ್ವಸತಿ, ವೃದ್ಧಾಶ್ರಮದ ಆರೋಗ್ಯ ಮೇಲ್ವಿಚಾರಣೆ, ಇಲ್ಲೆಲ್ಲ ಕೆಲಸ ಇದೆ, ಇನ್ನೂ ಬೆಳೆಯುತ್ತದೆ.

ಪ್ರಶ್ನೆ: ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಮೊದಲ ವರ್ಷದಲ್ಲಿದ್ದೇನೆ. ಫೀಲ್ಡ್ ವರ್ಕಿಗೆ ವೃದ್ಧಾಶ್ರಮ ಸಿಕ್ಕಿತು, ನನಗೆ ಇಷ್ಟವಾಯಿತು. ಮನೆಯಲ್ಲಿ "ಮುದುಕರ ಸೇವೆ ಮಾಡಲಿಕ್ಕೆ ಇಷ್ಟು ಓದಬೇಕಿತ್ತಾ" ಅಂತಾರೆ. ಏನು ಹೇಳಲಿ? – ವಿಜಯಪುರ

ಉತ್ತರ: ಅಪ್ಪ ಅವ್ವನ ಜೊತೆ ವಾದ ಮಾಡಬೇಡಿ. ಒಂದು ಸಂಗತಿ ಕೇಳಿ. ನಿಮ್ಮ ಓಣಿಯಲ್ಲಿ ಹೊಲವನ್ನು ಮಗನ ಹೆಸರಿಗೆ ಮಾಡಿಕೊಟ್ಟು, ಆಮೇಲೆ ಊಟಕ್ಕೂ ಕೈ ಚಾಚುವ ಹಾಗಾದ ಹಿರಿಯರು ಯಾರಾದರೂ ಇದ್ದಾರಾ ಅಂತ. ಒಬ್ಬರಾದರೂ ನೆನಪಾಗುತ್ತಾರೆ. ಆಗ ಹೇಳಿ, ಅಂಥವರಿಗೆ ದಾರಿ ತೋರಿಸುವ ಕೆಲಸ ಇದು.

ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರ ಹತ್ತಿರವೇ ಅರ್ಜಿ ಕೊಡಬಹುದು. ವಕೀಲರನ್ನು ಇಡುವ ಖರ್ಚಿಲ್ಲ. ನೋಟಿಸ್ ಕೊಟ್ಟ ಮೇಲೆ 90 ದಿನದಲ್ಲಿ ಮುಗಿಸಬೇಕು, ಬಹಳ ಆದರೆ ಇನ್ನೊಂದು 30 ದಿನ ಅಂತ ಕಾಯ್ದೆಯಲ್ಲೇ ಬರೆದಿದೆ. ತಿಂಗಳಿಗೆ 10,000 ರೂಪಾಯಿವರೆಗೆ ಪೋಷಣೆಯ ಹಣ ಕೊಡಿಸಬಹುದು. 23ನೇ ಕಲಂ ಇನ್ನೂ ಮುಖ್ಯ. ಕಾಯ್ದೆ ಜಾರಿಗೆ ಬಂದ ಮೇಲೆ, ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯಾಗಿದ್ದರೆ, ನೋಡಿಕೊಳ್ಳದೇ ಹೋದಾಗ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಈ ಷರತ್ತನ್ನು ಪತ್ರದಲ್ಲಿ ಬರೆಸಿ ಅಂತ ಮೊದಲೇ ಹೇಳುವವರು ಒಬ್ಬರು ಊರಲ್ಲಿ ಇದ್ದರೆ ಎಷ್ಟು ಹಿರಿಯರ ಕೊನೆಗಾಲ ನೆಟ್ಟಗಾಗುತ್ತದೆ ಯೋಚಿಸಿ. ಆದರೆ ಮುತ್ಯಾಗಳು ಎಸಿ ಆಫೀಸಿನ ಮೆಟ್ಟಿಲು ಹತ್ತುವುದೇ ಅಪರೂಪ. "ಮಗನ ಮ್ಯಾಲೆ ಕೇಸ್ ಹಾಕಿದ ಅಂತಾರಲ್ಲ" ಅನ್ನುವ ನಾಚಿಕೆ. ಮಗನನ್ನೂ ಕೂರಿಸಿಕೊಂಡು, ಸೊಸೆಯ ಕಷ್ಟವನ್ನೂ ಕೇಳಿ, ಕೇಸಿಗೆ ಹೋಗದ ಹಾಗೆ ಮಾತಾಡಿ ಬಗೆಹರಿಸುವುದು ಸಮಾಜಕಾರ್ಯ ಓದಿದವರು ಮಾಡಬಹುದಾದ ಕೆಲಸ. ಕಾಯ್ದೆಯಲ್ಲೂ ರಾಜಿ ಮಾಡಿಸುವ ಅಧಿಕಾರಿಗೆ ಜಾಗ ಇದೆ.

ಇದಲ್ಲದೆ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋದರೆ ಯಾಕೆ ಅಂತ ಹುಡುಕುವುದು, 70 ದಾಟಿದವರಿಗೆ 2024ರಲ್ಲಿ ಬಂದ, ಉಚಿತ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡು ಮಾಡಿಸುವುದು, ಹಿರಿಯರ ಸಹಾಯವಾಣಿ 14567ಕ್ಕೆ ಬರುವ ಕರೆಗಳ ಹಿಂದೆ ಓಡಾಡುವುದು, ಎಲ್ಲ ಇದೆ. ನಮ್ಮ ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಪ್ರತಿ ಜಿಲ್ಲೆಯಲ್ಲೂ ಇದೆ. ಎರಡನೇ ವರ್ಷದ ಫೀಲ್ಡ್ ವರ್ಕನ್ನು ಅಲ್ಲೇ ಕೇಳಿ ಪಡೆಯಿರಿ. ಮುಂದೆ ಮನಸ್ಸಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಓದನ್ನು ಗುರಿ ಇಟ್ಟುಕೊಳ್ಳಿ. ಮರೆವಿನ ಕಾಯಿಲೆ ಇರುವವರ ಕುಟುಂಬಗಳ ಜೊತೆ ಕೆಲಸ ಮಾಡಲು ಅದಕ್ಕಿಂತ ಒಳ್ಳೆಯ ತರಬೇತಿ ನಮ್ಮ ರಾಜ್ಯದಲ್ಲಿ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ನನಗೆ 39 ವರ್ಷ. ಬಿಎ ಮುಗಿಸಿ ಮದುವೆಯಾದೆ. ಮಾವನವರಿಗೆ ಲಕ್ವಾ ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ದರು, ನಾನೇ ನೋಡಿಕೊಂಡೆ. ಹೋದ ವರ್ಷ ತೀರಿಕೊಂಡರು. ಈಗ ಊರಲ್ಲಿ ಯಾರಿಗೆ ಏನಾದರೂ ನನ್ನನ್ನೇ ಕರೆಯುತ್ತಾರೆ. ಇದನ್ನೇ ಓದಿ ಕೆಲಸ ಮಾಡಬಹುದಾ, ಇಲ್ಲ ವಯಸ್ಸು ಮೀರಿತಾ? – ಅಥಣಿ

ಉತ್ತರ: ಅಕ್ಕಾ, ವಯಸ್ಸು ಮೀರಿಲ್ಲ. ಈ ಕೆಲಸಕ್ಕೆ ಮೂವತ್ತೊಂಬತ್ತು ಒಳ್ಳೆಯ ವಯಸ್ಸು. ನಿಮ್ಮ ಪತ್ರ ಓದಿ ಬಹಳ ಹೊತ್ತು ಯೋಚನೆ ಮಾಡಿದೆ. ಆರು ವರ್ಷ ಹಾಸಿಗೆಯಲ್ಲಿದ್ದವರಿಗೆ ಬೆನ್ನು ಹುಣ್ಣಾಗದ ಹಾಗೆ ನೋಡಿಕೊಂಡಿದ್ದೀರಿ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಅದು ದೊಡ್ಡ ಆಸ್ಪತ್ರೆಗಳಿಗೂ ಸುಲಭವಲ್ಲ. ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ್ದೀರಿ, ಹಾಸಿಗೆ ಒದ್ದೆ ಇರದ ಹಾಗೆ ನೋಡಿದ್ದೀರಿ, ಹಿಮ್ಮಡಿ, ಬೆನ್ನಿನ ಕೆಳಭಾಗ ಕೆಂಪಾಯಿತಾ ಅಂತ ದಿನಾ ನೋಡಿದ್ದೀರಿ. ಇಷ್ಟನ್ನೂ ಯಾರೂ ಕಲಿಸದೆ ಮಾಡಿದ್ದೀರಿ.

ಆದರೂ ಓದು ಬೇಕು. ಮನೆಯಲ್ಲಿ ನೋಡಿಕೊಂಡವರು ಒಬ್ಬರ ದೇಹವನ್ನು ಚೆನ್ನಾಗಿ ಬಲ್ಲರು. ಓದಿದರೆ ಆ ಒಬ್ಬರಿಗೆ ಸರಿಯಾಗಿದ್ದದ್ದು ಇನ್ನೊಬ್ಬರಿಗೆ ಯಾಕೆ ಸರಿಯಲ್ಲ ಅನ್ನುವುದು ತಿಳಿಯುತ್ತದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಕಾಣುವ ಎರಡು ಸಂಗತಿ ಹೇಳುತ್ತೇನೆ. ಲಕ್ವಾ ಹೊಡೆದವರನ್ನು ಎಬ್ಬಿಸುವಾಗ ಬಿದ್ದುಹೋದ ಕೈಯನ್ನೇ ಹಿಡಿದು ಎಳೆಯುತ್ತಾರೆ. ಆ ಭುಜದ ಸ್ನಾಯುಗಳಲ್ಲಿ ಬಿಗಿ ಇರುವುದಿಲ್ಲ, ಕೀಲು ಜಾರುತ್ತದೆ, ಆಮೇಲೆ ಸದಾ ನೋವು. ಕಂಕುಳ ಕೆಳಗೂ ಹಿಡಿದು ಎತ್ತಬಾರದು. ಮೊದಲು ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಬಿಡಿಸಿ, ಬೆನ್ನಿಗೆ ಕೈಕೊಟ್ಟು ಕೂರಿಸಬೇಕು. ಇನ್ನೊಂದು, ಮಲಗಿಸಿಕೊಂಡೇ ನೀರು ಕುಡಿಸುವುದು. ನುಂಗುವ ಶಕ್ತಿ ಕಡಿಮೆಯಾದವರಿಗೆ ನೀರೇ ಅಪಾಯ, ತೆಳ್ಳಗಿದ್ದಷ್ಟೂ ಬೇಗ ಶ್ವಾಸನಾಳಕ್ಕೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಒಂದೊಂದೇ ಚಮಚ. ಊಟದ ನಡುವೆ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ನಿಮಗೆ ದಾರಿ ಹೀಗಿದೆ. ಬೇಗ ಕೆಲಸ ಬೇಕು ಅಂದರೆ ಆರೋಗ್ಯ ಕ್ಷೇತ್ರದ ಕೌಶಲ ತರಬೇತಿಗಳಲ್ಲಿ ಮನೆ ಆರೈಕೆ ಸಹಾಯಕರ ಕೋರ್ಸ್ ಇದೆ, ಕೆಲವು ತಿಂಗಳದ್ದು. ಹತ್ತಿರದ ತರಬೇತಿ ಕೇಂದ್ರದಲ್ಲಿ ಆಸ್ಪತ್ರೆಯಲ್ಲಿ ನಿಂತು ಕಲಿಯುವ ಅವಕಾಶ ಎಷ್ಟು ದಿನ ಅಂತ ಕೇಳಿ, ಬರೀ ತರಗತಿಯಲ್ಲಿ ಕೂರಿಸುವ ಕಡೆ ಹೋಗಬೇಡಿ. ನೀವು ಬಿಎ ಆಗಿರುವುದರಿಂದ ಅಲ್ಲಿಗೇ ನಿಲ್ಲಬೇಕಿಲ್ಲ. ಎಂಎಸ್‌ಡಬ್ಲ್ಯು ಮಾಡಬಹುದು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ನಿಮಗೆ ಅನುಕೂಲವಾಗಬಹುದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಇದೆ. ಮೇಲೆ ಹೇಳಿದ ಎನ್‌ಐಎಸ್‌ಡಿ ಡಿಪ್ಲೊಮಾವನ್ನೂ ನೋಡಿ. ಎರಡು ವರ್ಷ ಮನೆ ಬಿಟ್ಟು ಓದುವುದು ಸುಲಭವಲ್ಲ, ಮನೆಯವರ ಜೊತೆ ಕೂತು ಮಾತಾಡಿ. ಆರು ವರ್ಷ ಆ ಮನೆಯ ಹಿರಿಯರಿಗೆ ಕೊಟ್ಟಿದ್ದೀರಿ. ಎರಡು ವರ್ಷ ನಿಮಗೆ ಅವರು ಕೊಡಬೇಕು.

ಇನ್ನೊಂದು ಮಾತು. ಕರೆದಲ್ಲೆಲ್ಲ ಈಗ ಪುಕ್ಕಟೆ ಹೋಗುತ್ತಿದ್ದೀರಿ ಅನಿಸುತ್ತದೆ. ದುಡ್ಡು ಕೇಳಲು ಸಂಕೋಚ ಬೇಡ. ಒಬ್ಬ ಹಿರಿಯರನ್ನು ಹೊರಳಿಸಿ, ಸ್ನಾನ ಮಾಡಿಸಿ, ಊಟ ಮಾಡಿಸುವುದು ಬೆನ್ನು ಮುರಿಯುವ ಕೆಲಸ. ಹೆಂಗಸರು ಮಾಡಿದರೆ ಅದಕ್ಕೆ ಬೆಲೆ ಇಲ್ಲ ಅನ್ನುವ ರೂಢಿ ಹೋಗಲೇಬೇಕು.

ಪ್ರಶ್ನೆ: ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ ಮುಗಿಸಿದ್ದೇನೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಏಜಿಂಗ್ ಅಂಡ್ ಹೆಲ್ತ್, ಜೆರೊಂಟಾಲಜಿ ಅಂತ ಮಾಸ್ಟರ್ಸ್ ಇವೆ. ಕೆಲವನ್ನು ಆನ್‌ಲೈನ್‌ನಲ್ಲೇ ಮಾಡಬಹುದಂತೆ. ಮಾಡಲಾ? – ನವನಗರ, ಬಾಗಲಕೋಟೆ

ಉತ್ತರ: ಹೌದು, ಇವೆ, ಒಳ್ಳೆಯವೂ ಇವೆ. ಕೆನಡಾದ ಕಿಂಗ್‌ಸ್ಟನ್ ಊರಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಏಜಿಂಗ್ ಅಂಡ್ ಹೆಲ್ತ್ ಹೆಸರಿನಲ್ಲೇ ಸ್ನಾತಕೋತ್ತರ ಓದು ಇದೆ, ಕೆಲಸ ಮಾಡುತ್ತಾ ಓದುವವರಿಗೆ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಜೆರೊಂಟಾಲಜಿ ಎಂಎಸ್ಸಿ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1975ರಲ್ಲೇ ಇದಕ್ಕಾಗಿ ಒಂದು ಪೂರ್ತಿ ಸ್ಕೂಲ್ ತೆರೆಯಿತು. ಅಲ್ಲೆಲ್ಲ ಡಾಕ್ಟರ್, ನರ್ಸು, ಮನೆ ಕಟ್ಟುವವರು, ಯೋಜನೆ ಮಾಡುವವರು ಒಂದೇ ತರಗತಿಯಲ್ಲಿ ಕೂತು ಒಂದೇ ಕೇಸನ್ನು ಚರ್ಚೆ ಮಾಡುತ್ತಾರೆ. ನಮ್ಮಲ್ಲಿ ಅದು ಬರಬೇಕು ಅಂತ ನನ್ನ ಆಸೆ.

ಆದರೆ ಎರಡು ವಿಷಯ ಸ್ಪಷ್ಟ ಇರಲಿ. ಇಂಥ ಡಿಗ್ರಿ ಮಾಡಿದರೆ ಆ ದೇಶದಲ್ಲಿ ಫಿಸಿಯೋಥೆರಪಿ ಮಾಡುವ ಲೈಸೆನ್ಸ್ ಬರುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ, ಬೇರೆ ನೋಂದಣಿ. ಏಜೆಂಟರು ಇದನ್ನು ಬಿಡಿಸಿ ಹೇಳುವುದಿಲ್ಲ. ಎರಡನೆಯದು, ಅಲ್ಲಿನ ಪಾಠದ ಅರ್ಧ ಭಾಗ ಅಲ್ಲಿನ ವ್ಯವಸ್ಥೆಯದ್ದು. ಅಮೆರಿಕದಲ್ಲಿ ಹಿರಿಯರ ಸೇವೆಗಳಿಗೆ 1965ರಿಂದ ಒಂದು ಕಾಯ್ದೆಯೇ ಇದೆ, ಊರೂರಿಗೆ ಅದರ ಕಚೇರಿಗಳಿವೆ. ನಮ್ಮಲ್ಲಿ ಆ ಭಾರವೆಲ್ಲ ಮನೆಯ ಮೇಲೆ, ಅದರಲ್ಲೂ ಸೊಸೆ, ಮಗಳ ಮೇಲೆ.

ಪರೀಕ್ಷೆಗಳನ್ನೂ ಹಾಗೇ ತಂದು ಹಚ್ಚಲು ಆಗಲ್ಲ. ಮರೆವು ಅಳೆಯಲು 1975ರಲ್ಲಿ ಬಂದ ಮಿನಿ ಮೆಂಟಲ್ ಪರೀಕ್ಷೆಯಲ್ಲಿ "ಒಂದು ವಾಕ್ಯ ಬರೆಯಿರಿ", "ಇವತ್ತು ತಾರೀಖು ಎಷ್ಟು" ಅಂತ ಕೇಳುತ್ತಾರೆ. ಶಾಲೆ ಮೆಟ್ಟಿಲು ಹತ್ತದ ಗುಳೇದಗುಡ್ಡದ ನೇಕಾರ ಅಜ್ಜನಿಗೆ ಅದನ್ನು ಕೇಳಿ ಮರೆವಿದೆ ಅಂದುಬಿಟ್ಟರೆ ಅನ್ಯಾಯ ಅಲ್ವಾ? ಓದು ಬರಹ ಬರದವರಿಗೆ ಅಂತಲೇ 1995ರಲ್ಲಿ ಹಿಂದಿಯಲ್ಲಿ ಅದರ ಬೇರೆ ರೂಪ ಮಾಡಿದರು. ನಮ್ಮ ಹಳ್ಳಿಗಳಲ್ಲಿ ಕೇಳಬೇಕಾದದ್ದು ಯಾವ ಅಮಾಸಿ ಹೋಯಿತು, ಕಾರಹುಣ್ಣಿಮೆ ಆಯಿತಾ ಬರಬೇಕಾ, ಈಗ ಹೊಲದಲ್ಲಿ ಏನಿದೆ, ಇವತ್ತು ಯಾವ ವಾರ. ಬೆಳಗಾವಿ, ನಿಪ್ಪಾಣಿ ಕಡೆ ಮರಾಠಿಯಲ್ಲೂ ಕೇಳಲು ಬರಬೇಕು. ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರು ನೂರಕ್ಕೆ ಸುಮಾರು ಏಳು ಅಂತ ಅಧ್ಯಯನದ ಅಂದಾಜು, ಅಂದರೆ ಸುಮಾರು 88 ಲಕ್ಷ ಜನ. ನಮ್ಮ ಕಡೆ ಅವರನ್ನೆಲ್ಲ "ಅರವತ್ತಕ್ಕೆ ಅರಳು ಮರಳು" ಅಂತ ಒಂದೇ ಮಾತಿನಲ್ಲಿ ಬಿಟ್ಟುಬಿಡುತ್ತೇವೆ.

ನಿಮಗೆ ನನ್ನ ಸಲಹೆ: ಮೊದಲು ಇಲ್ಲೇ ಎಂಪಿಟಿ ಮಾಡಿ, ಕಮ್ಯುನಿಟಿ ಅಥವಾ ನ್ಯೂರೋ. ಬೆಳಗಾವಿಯಲ್ಲಿ ಕೆಎಲ್‌ಇಯ ಫಿಸಿಯೋಥೆರಪಿ ಸಂಸ್ಥೆ ಇದೆ. ಬಾಗಲಕೋಟೆಯಲ್ಲೇ ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಓಣಿ ಬಿಟ್ಟು ನವನಗರಕ್ಕೆ ಬಂದ ಹಿರಿಯರು ಎಷ್ಟು ಜನ ಇದ್ದಾರೆ. ಅವರು ದಿನಕ್ಕೆ ಎಷ್ಟು ನಡೆಯುತ್ತಾರೆ, ಯಾರ ಮನೆಗೆ ಹೋಗಿ ಕೂರುತ್ತಾರೆ, ಎಲ್ಲಿ ಬೀಳುತ್ತಾರೆ ಅಂತ ಒಂದು ಒಳ್ಳೆಯ ಪ್ರಬಂಧ ಬರೆಯಿರಿ. ಆ ಪ್ರಬಂಧ ಕೈಯಲ್ಲಿ ಹಿಡಿದು ಹೊರದೇಶಕ್ಕೆ ಅರ್ಜಿ ಹಾಕಿದರೆ ಸ್ಕಾಲರ್‌ಶಿಪ್ ಕೇಳಲೂ ಧೈರ್ಯ ಬರುತ್ತದೆ. ಸಾಲ ಮಾಡಿ ಮಾತ್ರ ಹೋಗಬೇಡಿ.

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯ. ಎಂಡಿಗೆ ಹೋಗುವ ಸ್ಥಿತಿಯಲ್ಲಿ ಇಲ್ಲ. ಹಿರಿಯರ ವೈದ್ಯಕೀಯ ಕಲಿಯಲು ಬೇರೆ ದಾರಿ? – ಇಂಡಿ

ಉತ್ತರ: ಎಂಡಿ ಜೆರಿಯಾಟ್ರಿಕ್ಸ್ ದೇಶದಲ್ಲಿ ಮೊದಲು ಶುರುವಾದದ್ದು 1996ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಈಗ ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯಲ್ಲೂ ಇದೆ. ಕೆಲಸದಲ್ಲಿ ಇದ್ದುಕೊಂಡೇ ಕಲಿಯುವವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯ ಎಂಬಿಬಿಎಸ್ ಆದವರಿಗಾಗಿ ಜೆರಿಯಾಟ್ರಿಕ್ ಮೆಡಿಸಿನ್ ಡಿಪ್ಲೊಮಾ ರೂಪಿಸಿದೆ. ಪ್ರವೇಶ ತೆರೆದಿದೆಯಾ ನೋಡಿ. ಅದು ಎಂಡಿಗೆ ಸಮವಲ್ಲ, ಜ್ಞಾನಕ್ಕೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಐಕೋಪ್ ಕೈಪಿಡಿ ಪುಕ್ಕಟೆ ಸಿಗುತ್ತದೆ. ನೆನಪು, ನಡಿಗೆ, ಆಹಾರ, ಕಣ್ಣು, ಕಿವಿ, ಮನಸ್ಸು, ಈ ಆರನ್ನು ಬೇಗ ನೋಡುವ ವಿಧಾನ ಅದರಲ್ಲಿದೆ. ಪಿಎಚ್‌ಸಿಗೆ ಹೇಳಿ ಮಾಡಿಸಿದ ಹಾಗಿದೆ.

ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ನಡೆಸಬೇಕು ಅಂತ ನಿಮ್ಮ ಕೇಂದ್ರಕ್ಕೆ ಹೇಗೂ ಸೂಚನೆ ಇರುತ್ತದೆ. ಆ ದಿನ ಒಂದೇ ಒಂದು ಮಾಡಿ. ಮನೆಯಲ್ಲಿರುವ ಗುಳಿಗೆಯನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬರಲು ಆಶಾ ಕಾರ್ಯಕರ್ತೆಯರಿಂದ ಹೇಳಿಕಳಿಸಿ. ಮೇಜಿನ ಮೇಲೆ ಸುರಿದು ನೋಡಿ. ವಿಜಯಪುರದ ಡಾಕ್ಟರು ಬರೆದ ಬಿಪಿ ಮಾತ್ರೆ, ಸೊಲ್ಲಾಪುರದ ಡಾಕ್ಟರು ಬರೆದ ಇನ್ನೊಂದು ಕಂಪನಿಯ ಅದೇ ಬಿಪಿ ಮಾತ್ರೆ, ಎರಡನ್ನೂ ನುಂಗುವವರು ಸಿಗುತ್ತಾರೆ. ಮೊಣಕಾಲು ನೋವಿಗೆ ಅಂಗಡಿಯಲ್ಲೇ ತಂದ ಗುಳಿಗೆ ದಿನಾ ನುಂಗಿ ಕಿಡ್ನಿ ಹಾಳಾಗುತ್ತಿರುವವರು ಸಿಗುತ್ತಾರೆ. ನಿದ್ದೆ ಮಾತ್ರೆ ನುಂಗಿ ರಾತ್ರಿ ಬಿದ್ದವರೂ ಇರುತ್ತಾರೆ. ಹೊಸದು ಬರೆಯುವುದಕ್ಕಿಂತ ಇರುವುದನ್ನು ನಿಲ್ಲಿಸುವುದು ಈ ವಯಸ್ಸಿನಲ್ಲಿ ಬಹಳ ಸಲ ದೊಡ್ಡ ಚಿಕಿತ್ಸೆ. ಮರೆವಿನ ಅನುಮಾನ ಬಂದರೆ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮ ಅದಕ್ಕಾಗಿಯೇ ಇದೆ.

ಪ್ರಶ್ನೆ: ಬಿಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಕೊನೆಯ ವರ್ಷ. ಹಿರಿಯರ ವಿಷಯದಲ್ಲಿ ಆಸಕ್ತಿ ಇದೆ, ಆದರೆ ರೋಗಿಗಳ ಹತ್ತಿರ ಕೆಲಸ ನನ್ನಿಂದ ಆಗಲ್ಲ. ನನಗೆ ಜಾಗ ಇದೆಯಾ? – ಬೆಳಗಾವಿ

ಉತ್ತರ: ಇದೆ, ಮತ್ತು ಜನ ಕಡಿಮೆ ಇದ್ದಾರೆ. 2011ರ ಜನಗಣತಿಯಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ಅವರು ಹೇಗೆ ಬದುಕುತ್ತಿದ್ದಾರೆ ಅಂತ ದೊಡ್ಡ ಪ್ರಮಾಣದಲ್ಲಿ ನೋಡಿದ್ದು ಲಾಸಿ ಅನ್ನುವ ಸಮೀಕ್ಷೆ. 2017–18ರಲ್ಲಿ ಮೊದಲ ಸುತ್ತು ನಡೆಯಿತು, 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ನಡೆಸಿದ್ದು ಮುಂಬೈ ದೇವನಾರದ ಐಐಪಿಎಸ್, ಜನಸಂಖ್ಯೆಯ ಅಧ್ಯಯನಕ್ಕೆಂದೇ ಇರುವ ಸಂಸ್ಥೆ. ಅಲ್ಲಿ ಜನಸಂಖ್ಯಾ ಅಧ್ಯಯನ, ಬಯೋಸ್ಟ್ಯಾಟಿಸ್ಟಿಕ್ಸ್ ಸ್ನಾತಕೋತ್ತರ ಇದೆ. ಬೆಳಗಾವಿಯಿಂದ ಒಂದು ರಾತ್ರಿಯ ಬಸ್ಸು. ಲಾಸಿ ವರದಿಯಲ್ಲಿ ಕರ್ನಾಟಕದ ಅಂಕಿಗಳು ಪ್ರತ್ಯೇಕವಾಗಿ ಸಿಗುತ್ತವೆ. ಪ್ರವೇಶ ಪರೀಕ್ಷೆಗೆ ಓದುವ ಮೊದಲು ಆ ಪುಟಗಳನ್ನು ಒಮ್ಮೆ ತೆರೆದು ನೋಡಿ. ಓದುತ್ತಾ ಓದುತ್ತಾ ನಿಮಗೇ ನಾಲ್ಕು ಪ್ರಶ್ನೆ ಹುಟ್ಟಿದರೆ ಅರ್ಜಿ ಹಾಕಿ.